ಆತಂಕದ ದಿನಗಳಲ್ಲಿ ಪ್ರಾರ್ಥಿಸುವುದು ಹೇಗೆ: ಮುಂಬೈಯ ಕನ್ನಡ ವಿಶ್ವಾಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿಯುತ್ತಾ ಬಂದಿದೆ. ಕೆಲಸ ಕಾಂಟ್ರಾಕ್ಟ್ ಮೇಲೆ. ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಎರಡು ಸಲ ಫೋನ್ ಎತ್ತದಿದ್ದರೆ ಎದೆ ಧಸಕ್ ಅನ್ನುತ್ತದೆ. ಮಗನದ್ದು ಹತ್ತನೇ ಕ್ಲಾಸು. ಮುಂಬೈಗೆ ಬಂದು ನೆಲೆಸಿದ ನಮ್ಮ ಜನರ ಮನೆಗಳಲ್ಲಿ ಇಂಥ ಚಿಂತೆಗಳು ಒಂದಲ್ಲ ಒಂದು ಇದ್ದೇ ಇರುತ್ತವೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಎಲ್ಲವೂ ಒಟ್ಟಿಗೆ ಬರುತ್ತವೆ.

ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಧಾರವಾಡ ಕಡೆಯ ಬಾಸೆಲ್ ಮಿಷನ್ (ಪ್ರೊಟೆಸ್ಟೆಂಟ್) ಮನೆತನದವಳು. ಇಲ್ಲಿನ ಕನ್ನಡ ಸಭೆಯೊಂದರಲ್ಲಿ ಹೆಂಗಸರ ಪ್ರಾರ್ಥನಾ ಕೂಟ ನಡೆಸುತ್ತೇನೆ. "ಮನಸ್ಸಿಗೆ ಸಮಾಧಾನ ಇಲ್ಲ ಅಕ್ಕಾ, ಪ್ರಾರ್ಥನೆ ಮಾಡಿ" ಅನ್ನುವ ಕೋರಿಕೆ ಇಲ್ಲದೆ ನಮ್ಮ ಕೂಟ ಮುಗಿಯುವುದೇ ಅಪರೂಪ. ಹಾಗೆ ಕೇಳಿದವರಿಗೆ "ದೇವರ ಮೇಲೆ ಭಾರ ಹಾಕಿ" ಅಂತ ಹೇಳಿ ಕಳಿಸುವುದು ಸುಲಭ. ಆದರೆ ಭಾರ ಹಾಕುವುದು ಹೇಗೆ? ಎಲ್ಲಿ ಕೂರಬೇಕು, ಏನು ಹೇಳಬೇಕು, ಮಾತೇ ಹೊರಡದಿದ್ದರೆ ಏನು ಮಾಡಬೇಕು? ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಈ ಬರಹ.

ಮುಂದೆ ಓದುವ ಮೊದಲು ಒಂದು ಮಾತು. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಇದನ್ನು ಪಕ್ಕಕ್ಕಿಟ್ಟು ಈಗಲೇ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಆಮೇಲೆ ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲು, "ನನಗೆ ವಿಶ್ವಾಸ ಕಡಿಮೆ" ಅನ್ನುವುದನ್ನು ಬಿಡಿ

ಆತಂಕ ಇರುವ ವಿಶ್ವಾಸಿಗೆ ಎರಡು ಹೊರೆ. ಆತಂಕ ಒಂದು. ಆತಂಕಪಡುತ್ತಿದ್ದೇನಲ್ಲಾ, ಹಾಗಾದರೆ ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇದೆ ಅನ್ನುವ ನಾಚಿಕೆ ಇನ್ನೊಂದು. ಈ ಎರಡನೆಯದನ್ನು ಹೊರಿಸುವವರು ಹೆಚ್ಚಾಗಿ ನಮ್ಮ ಸಭೆಯವರೇ, ಒಳ್ಳೆಯ ಮನಸ್ಸಿನಿಂದಲೇ. "ಚಿಂತೆ ಮಾಡಬೇಡಿ ಅಂತ ವಾಕ್ಯ ಇದೆಯಲ್ಲಾ" ಅನ್ನುತ್ತಾರೆ.

ವಾಕ್ಯ ಇದೆ, ನಿಜ. ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ, ಆರನೇ ವಚನ. ಆದರೆ ಅದೇ ಪತ್ರದ ಎರಡನೇ ಅಧ್ಯಾಯವನ್ನೂ ಓದಿ. ಪೌಲ ಸೆರೆಯಲ್ಲಿದ್ದಾನೆ. ಅವನ ಜೊತೆಗಿದ್ದ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಹೋಗಿ ಬಂದಿದ್ದಾನೆ. ಅವನನ್ನು ನಿಮ್ಮ ಹತ್ತಿರ ಕಳಿಸುತ್ತಿದ್ದೇನೆ, ಆಗ ನನ್ನ ದುಃಖವೂ ಸ್ವಲ್ಪ ಕಡಿಮೆಯಾದೀತು ಅಂತ ಪೌಲ ಬಿಚ್ಚಿ ಬರೆಯುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ, ಎಲ್ಲಾ ಸಭೆಗಳ ಚಿಂತೆ ದಿನಾಲೂ ತನ್ನ ಮೇಲಿದೆ ಅನ್ನುತ್ತಾನೆ. ಚಿಂತೆ ಏನೆಂದು ಗೊತ್ತಿದ್ದವನೇ ಚಿಂತೆ ಬಿಡುವ ದಾರಿ ಹೇಳಿದ್ದು.

ಇನ್ನು ಗೆತ್ಸೇಮನೆ, ಯೇಸು ಸೆರೆಸಿಕ್ಕುವ ಮೊದಲು ಪ್ರಾರ್ಥಿಸಿದ ಜಾಗ. ಮಾರ್ಕ 14ನೇ ಅಧ್ಯಾಯ ತೆಗೆಯಿರಿ. ಯೇಸುಸ್ವಾಮಿ ಕಳವಳಗೊಂಡ, ನೆಲದ ಮೇಲೆ ಬಿದ್ದು ಪ್ರಾರ್ಥಿಸಿದ, ಎಚ್ಚರವಾಗಿರಿ ಅಂತ ಗೆಳೆಯರನ್ನು ಬೇಡಿಕೊಂಡ. ಬೆವರು ರಕ್ತದ ಹನಿಗಳ ಹಾಗೆ ಬೀಳುತ್ತಿತ್ತು ಅಂತ ಲೂಕ ಬರೆಯುತ್ತಾನೆ. ದೇವರ ಮಗನೇ ನಡುಗಿದ್ದಾನೆ. ನಿಮ್ಮ ಕೈ ನಡುಗಿದರೆ ಅದು ಪಾಪವಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿಯುವ ತನಕ ಮುಂದಿನ ಹೆಜ್ಜೆಗಳಿಗೆ ಅವಸರ ಮಾಡಬೇಡಿ.

ಊಟ, ನಿದ್ದೆ

ಎಲೀಯನ ಕಥೆಯನ್ನು ನಾವು ಕರ್ಮೆಲ್ ಬೆಟ್ಟದ ಬೆಂಕಿಗೇ ನಿಲ್ಲಿಸಿಬಿಡುತ್ತೇವೆ. ಅದರ ಮುಂದಿನ ಅಧ್ಯಾಯ, 1 ಅರಸುಗಳು 19, ಆತಂಕದವರಿಗಾಗಿಯೇ ಬರೆದಂತಿದೆ. ಜೀವಭಯದಿಂದ ಓಡಿಹೋದ ಪ್ರವಾದಿ ಒಂದು ಗಿಡದ ಕೆಳಗೆ ಕೂತು, ಸಾಕು ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಬೈಯಲಿಲ್ಲ, ಪ್ರಸಂಗ ಮಾಡಲಿಲ್ಲ. ದೂತನ ಕೈಯಲ್ಲಿ ಬಿಸಿ ರೊಟ್ಟಿ, ತಂಬಿಗೆ ನೀರು ಕಳಿಸಿದ. ಎಲೀಯ ತಿಂದು ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ ನಲವತ್ತು ದಿನದ ದಾರಿ ನಡೆದು ಹೋರೇಬ್ ಬೆಟ್ಟ ತಲುಪಿದ. ದೇವರ ಜೊತೆ ಮಾತುಕತೆ ಅಲ್ಲಿ.

ಆದ್ದರಿಂದ ಬೆಳಿಗ್ಗೆ 7ರ ಲೋಕಲ್ ಹಿಡಿಯಬೇಕು ಅಂತ ಬರೀ ಚಹಾ ಕುಡಿದು ಓಡುವವರು ಮೊದಲು ತಿಂಡಿ ತಿನ್ನಿ. ಖಾಲಿ ಹೊಟ್ಟೆಗೆ ಚಹಾ ಕಾಫಿ ಜಾಸ್ತಿಯಾದರೆ ಎದೆಬಡಿತ ಹೆಚ್ಚುತ್ತದೆ, ಅದನ್ನೇ ನಾವು ಭಯ ಅಂದುಕೊಳ್ಳುತ್ತೇವೆ. ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ಆತಂಕ ಜೋರಾಗಿರುವ ದಿನಗಳಲ್ಲಿ ಉಪವಾಸ ಪ್ರಾರ್ಥನೆಯೂ ಬೇಡ. ಇದನ್ನು ಹೇಳಿದರೆ ನಮ್ಮಲ್ಲಿ ಕೆಲವರಿಗೆ ಬೇಸರ ಆಗುತ್ತದೆ, ಗೊತ್ತು. ಉಪವಾಸಕ್ಕೆ ಬೇರೆ ದಿನಗಳಿವೆ.

ಎದೆ ಹೊಡೆದುಕೊಳ್ಳುವಾಗ: ಉಸಿರಿನ ಪ್ರಾರ್ಥನೆ

ಭಯ ಏರಿದಾಗ ಉದ್ದುದ್ದ ಪ್ರಾರ್ಥನೆ ಆಗುವುದಿಲ್ಲ. ಮಾತು ಜೋಡಿಸುವುದೇ ಕಷ್ಟ. ನಾಲ್ಕನೇ ಶತಮಾನದಲ್ಲೇ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಕ್ರೈಸ್ತ ಸನ್ಯಾಸಿಗಳು ಇದಕ್ಕೊಂದು ದಾರಿ ಹಿಡಿದಿದ್ದರು. ಒಂದೇ ಒಂದು ಚಿಕ್ಕ ವಾಕ್ಯ. ಅದನ್ನೇ ಮತ್ತೆ ಮತ್ತೆ. 70ನೇ ಕೀರ್ತನೆಯ ಮೊದಲ ವಚನ, ದೇವರೇ ಬೇಗ ಬಂದು ಸಹಾಯ ಮಾಡು ಅನ್ನುವ ಮೊರೆ, ಅವರಿಗೆ ತುಂಬ ಪ್ರಿಯವಾಗಿತ್ತು. ಪೂರ್ವದ ಸಭೆಗಳಲ್ಲಿ "ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು" ಅನ್ನುವ ಪ್ರಾರ್ಥನೆ ಇವತ್ತಿಗೂ ಇದೇ ರೀತಿ ನಡೆಯುತ್ತದೆ.

ನಮಗೆ ಬಾಯಿಪಾಠ ಇರುವುದು 23ನೇ ಕೀರ್ತನೆ. ಅದನ್ನೇ ತೆಗೆದುಕೊಳ್ಳಿ. ಮೂಗಿನಿಂದ ನಿಧಾನ ಉಸಿರು ಒಳಗೆ, ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸುವಷ್ಟು ಹೊತ್ತು: "ಯೆಹೋವನು ನನಗೆ ಕುರುಬನು." ಬಾಯಿಂದ ಉಸಿರು ಹೊರಗೆ, ಆರು ಎಣಿಸುವಷ್ಟು: "ಕೊರತೆಪಡೆನು." ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ಉಸಿರು ನಿಧಾನವಾಗಿ ಹೊರಗೆ ಹೋಗುವಾಗ ಎದೆಬಡಿತ ಇಳಿಯುತ್ತದೆ, ಶರೀರ ಅಪಾಯ ಕಳೆಯಿತು ಅಂತ ತಿಳಿಯುತ್ತದೆ. ದೇವರು ಶರೀರವನ್ನು ಮಾಡಿರುವುದೇ ಹಾಗೆ. ಆ ದಾರಿಯನ್ನು ಬಳಸುವುದರಲ್ಲಿ ತಪ್ಪೇನಿಲ್ಲ.

ಐದು ನಿಮಿಷ ಮಾಡಿ. ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಕುರ್ಲಾದಲ್ಲೋ ದಾದರ್‌ನಲ್ಲೋ ಮೇಲಿನ ಹಿಡಿ ಹಿಡಿದು ನಿಂತಿರುವಾಗಲೂ ಆಗುತ್ತದೆ, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಭಯ ಇಲ್ಲದ ಹೊತ್ತಿನಲ್ಲಿ ಇದನ್ನು ರೂಢಿ ಮಾಡಿಕೊಳ್ಳಬೇಕು. ದಿನಾ ಬೆಳಿಗ್ಗೆ ಟ್ರೈನ್ ಹತ್ತಿದ ಮೇಲೆ ಎರಡು ಸ್ಟೇಷನ್ ದೂರ ಮಾಡಿ ಸಾಕು. ರೂಢಿ ಇದ್ದರೆ ಕಷ್ಟದ ಹೊತ್ತಿನಲ್ಲಿ ತಾನೇ ಬರುತ್ತದೆ.

ಗಾಡಿಯಲ್ಲಿ ಇದ್ದಕ್ಕಿದ್ದಂತೆ ಉಸಿರುಗಟ್ಟಿ, ಕೈ ಜುಮ್ ಅಂದು, ಈಗ ಸತ್ತೇ ಹೋಗುತ್ತೇನೆ ಅನ್ನಿಸುವುದು ಕೆಲವರಿಗೆ ಆಗುತ್ತದೆ. ಪ್ಯಾನಿಕ್ ಅಟ್ಯಾಕ್ ಅನ್ನುವುದು ಇದಕ್ಕೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ಬೆಂಚಿನ ಮೇಲೆ ಕೂತು ಇದೇ ಪ್ರಾರ್ಥನೆ ಮಾಡಿ. ಲೇಟಾದರೆ ಆಗಲಿ. ಆದರೆ ಎದೆನೋವು ಮೊದಲ ಸಲ ಬಂದಿದ್ದರೆ, ಇಲ್ಲವೇ ಎಡಗೈಗೆ, ದವಡೆಗೆ ನೋವು ಹರಿದರೆ, ಆತಂಕ ಅಂದುಕೊಂಡು ಸುಮ್ಮನಿರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಹೃದಯದ ತೊಂದರೆ ಅಲ್ಲ ಅಂತ ಡಾಕ್ಟರ್ ಹೇಳಬೇಕು, ನಾವಲ್ಲ.

ಭಯಕ್ಕೆ ಹೆಸರಿಡಿ

ನನ್ನ ಮಟ್ಟಿಗೆ ಈ ಮಾರ್ಗದರ್ಶಿಯ ಜೀವ ಇರುವುದು ಇಲ್ಲಿ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮಾಡಿ.

"ದೇವರೇ, ನನಗೆ ಸಮಾಧಾನ ಕೊಡು" ಅನ್ನುವ ಪ್ರಾರ್ಥನೆ ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ಭಯ ಎಲ್ಲಿದೆ? ಹೆಸರಿಲ್ಲದ ಭಯ ಮನಸ್ಸಿನ ತುಂಬ ಹರಡಿಕೊಳ್ಳುತ್ತದೆ. ಪೌಲ ಹೇಳಿದ್ದು, ನಿಮಗೆ ಬೇಕಾದದ್ದನ್ನು ದೇವರಿಗೆ ತಿಳಿಸಿ ಅಂತ. ತಿಳಿಸಬೇಕಾದರೆ ಮೊದಲು ನಮಗೆ ಅದು ಏನು ಅಂತ ಗೊತ್ತಿರಬೇಕು, ಅಲ್ವಾ?

ಬಾಂದ್ರಾದ ಮೌಂಟ್ ಮೇರಿ ಬೆಸಿಲಿಕಾಗೆ ಹೋದವರು ಹೊರಗಿನ ಅಂಗಡಿಗಳನ್ನು ನೋಡಿರುತ್ತೀರಿ. ಮೇಣದಲ್ಲಿ ಮಾಡಿದ ಕೈ, ಕಾಲು, ಮಗು, ಪುಟ್ಟ ಮನೆ ಇಟ್ಟಿರುತ್ತಾರೆ. ಮಂಡಿನೋವಿದ್ದವರು ಕಾಲು ಕೊಳ್ಳುತ್ತಾರೆ. ಸ್ವಂತ ಮನೆಯ ಆಸೆಯವರು ಮನೆ ಕೊಳ್ಳುತ್ತಾರೆ. ಸೆಪ್ಟೆಂಬರ್ 8ರ ಹಬ್ಬದ ವಾರದಲ್ಲಂತೂ ಎಲ್ಲಾ ಧರ್ಮದವರೂ ಸಾಲಾಗಿ ಬರುತ್ತಾರೆ. ನಮ್ಮ ಸಂಪ್ರದಾಯದಲ್ಲಿ ಇದು ಇಲ್ಲ. ಆದರೂ ಆ ಜನರಿಂದ ನಾನು ಒಂದು ವಿಷಯ ಕಲಿತೆ. ಅವರು ಒಟ್ಟಾರೆಯಾಗಿ "ಒಳ್ಳೆಯದು ಮಾಡು" ಅನ್ನುವುದಿಲ್ಲ. ಏನು ಬೇಕೋ ಅದನ್ನು ಕೈಯಲ್ಲೇ ಹಿಡಿದು ಬಂದಿರುತ್ತಾರೆ.

ನೀವು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸಂಜೆ ಹೊತ್ತು, ಮನೆಯಲ್ಲಿ ಜಾಗ ಇಲ್ಲದಿದ್ದರೆ ಅಡುಗೆಮನೆಯಲ್ಲೋ ಬಿಲ್ಡಿಂಗ್ ಟೆರೇಸ್ ಮೇಲೋ ಕೂತು ಬರೆಯಿರಿ. "ದುಡ್ಡಿನ ಚಿಂತೆ" ಅಂತ ಬರೆದರೆ ಸಾಲದು. "ಮೇ ತಿಂಗಳಲ್ಲಿ ಕರಾರು ಮುಗಿಯುತ್ತೆ. ಮಾಲೀಕರು ಬಾಡಿಗೆ ಮೂರು ಸಾವಿರ ಏರಿಸಿದರೆ ಕೊಡೋಕೆ ಆಗಲ್ಲ. ಮನೆ ಬಿಟ್ಟರೆ ಮಗನ ಸ್ಕೂಲ್ ದೂರ ಆಗುತ್ತೆ." ಇಷ್ಟು ಬಿಡಿಸಿ ಬರೆಯಬೇಕು. ಬರೆದ ಮೇಲೆ ಪ್ರತಿಯೊಂದರ ಕೆಳಗೆ ಎರಡು ಸಾಲು. ಇದರಲ್ಲಿ ನಾನು ಈ ವಾರ ಮಾಡಬಹುದಾದದ್ದು ಏನು? ನನ್ನ ಕೈಯಲ್ಲಿ ಇಲ್ಲದ್ದು ಏನು? ಮಾಲೀಕರಿಗೆ ಈಗಲೇ ಫೋನ್ ಮಾಡಿ ಕೇಳುವುದು ನಿಮ್ಮ ಕೈಯಲ್ಲಿದೆ. ಅವರ ಉತ್ತರ ನಿಮ್ಮ ಕೈಯಲ್ಲಿಲ್ಲ. ಮೊದಲನೆಯದಕ್ಕೆ ಧೈರ್ಯ ಕೇಳಿ. ಎರಡನೆಯದನ್ನು ಒಪ್ಪಿಸಿಬಿಡಿ. 55ನೇ ಕೀರ್ತನೆಯಲ್ಲೂ ಪೇತ್ರನ ಮೊದಲ ಪತ್ರದ ಐದನೇ ಅಧ್ಯಾಯದಲ್ಲೂ ಹೇಳಿರುವ ಭಾರ ಹಾಕುವ ಕೆಲಸ ನಡೆಯುವುದು ಹೀಗೆ, ಒಂದೊಂದಾಗಿ.

ಒಪ್ಪಿಸುವಾಗ ಬಾಯಿಬಿಟ್ಟು ಹೇಳಿ, ಪಿಸುಮಾತಿನಲ್ಲಾದರೂ ಸರಿ. "ಕರ್ತನೇ, ಮಾಲೀಕರ ಉತ್ತರ ನಿನ್ನ ಕೈಯಲ್ಲಿದೆ. ನಾಳೆ ಹನ್ನೊಂದು ಗಂಟೆಗೆ ಫೋನ್ ಮಾಡುತ್ತೇನೆ. ಆಗ ನನ್ನ ಜೊತೆ ಇರು." ಇಷ್ಟೇ. ಅಲಂಕಾರ ಬೇಡ. ಪಾಸ್ಟರ್ ಹಾಗೆ ಮಾತಾಡಬೇಕಿಲ್ಲ.

ನಿಮ್ಮ ಮನೆಮಾತಿನಲ್ಲೇ ಪ್ರಾರ್ಥಿಸಿ. ಮುಂಬೈಯಲ್ಲಿ ನಾವು ಆಫೀಸಿಗೆ ಇಂಗ್ಲಿಷ್, ಬಜಾರಿಗೆ ಹಿಂದಿ, ಪಕ್ಕದ ಮನೆಯವರ ಜೊತೆ ಮರಾಠಿ ಆಡುತ್ತೇವೆ. ಕಷ್ಟ ಬಂದಾಗ ಬಾಯಿಂದ ಬರುವುದು ಮಾತ್ರ "ಯಪ್ಪಾ, ಯವ್ವಾ" ಅಂತಲೇ. ಅದೇ ಮಾತಿನಲ್ಲಿ ದೇವರ ಹತ್ತಿರ ಹೋಗಿ. ಬೀದರಿನವರು ಬೀದರಿನ ಹಾಗೆ, ಉಡುಪಿಯವರು ಉಡುಪಿಯ ಹಾಗೆ.

ಹನ್ನಳನ್ನು ನೆನಪಿಸಿಕೊಳ್ಳಿ. 1 ಸಮುವೇಲನ ಮೊದಲ ಅಧ್ಯಾಯ. ಮಗುವಿಲ್ಲದ ನೋವು, ಸವತಿಯ ಕುಹಕ, ಊಟ ಸೇರದು. ದೇವಾಲಯದಲ್ಲಿ ಎಷ್ಟು ಹೊತ್ತು ಪ್ರಾರ್ಥಿಸಿದಳೆಂದರೆ, ತುಟಿ ಮಾತ್ರ ಅಲ್ಲಾಡುತ್ತಿದ್ದದ್ದು ಕಂಡು ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡ. ಇಲ್ಲ ಸ್ವಾಮಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ದೇವರ ಮುಂದೆ ಸುರಿಯುತ್ತಿದ್ದೆ ಅಂದಳು. ಏಲಿ ಆಶೀರ್ವದಿಸಿ ಕಳಿಸಿದ. ಆಮೇಲೆ ಹೋಗಿ ಊಟ ಮಾಡಿದಳು, ಮುಖದ ದುಃಖ ಹೋಗಿತ್ತು. ಗಮನಿಸಿ, ಸಮುವೇಲ ಇನ್ನೂ ಹುಟ್ಟಿರಲಿಲ್ಲ. ಪರಿಸ್ಥಿತಿ ಹಾಗೇ ಇತ್ತು, ಸವತಿಯೂ ಹಾಗೇ ಇದ್ದಳು. ಉತ್ತರಕ್ಕಿಂತ ಮೊದಲೇ ಸಮಾಧಾನ ಬಂತು. ಕ್ರೈಸ್ತ ಪ್ರಾರ್ಥನೆಯಿಂದ ನಾವು ಎದುರುನೋಡಬೇಕಾದ ಸಮಾಧಾನ ಈ ರೀತಿಯದು. ಬಾಡಿಗೆ ಇಳಿಯಬಹುದು, ಇಳಿಯದೆಯೂ ಇರಬಹುದು. ನೀವು ಊಟ ಮಾಡುತ್ತೀರಿ.

ದೂರು ಹೇಳಿ

ಕೀರ್ತನೆಗಳ ಪುಸ್ತಕದಲ್ಲಿ ಸ್ತುತಿಗಿಂತ ದೂರು, ಅಳಲುಗಳೇನೂ ಕಡಿಮೆ ಇಲ್ಲ. 13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ. ಎಲ್ಲಿಯವರೆಗೆ ಅನ್ನುವ ಪ್ರಶ್ನೆ ಮೊದಲೆರಡು ವಚನಗಳಲ್ಲಿ ನಾಲ್ಕು ಸಲ ಬರುತ್ತದೆ. ಎಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ ಅಂತ ದಾವೀದ ದೇವರನ್ನೇ ಕೇಳುತ್ತಾನೆ. ಮಧ್ಯದ ಎರಡು ವಚನಗಳಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ, ಆದರೂ ನಿನ್ನ ಕೃಪೆಯನ್ನೇ ನಂಬಿದ್ದೇನೆ ಅನ್ನುವ ಮಾತು.

ಇದೇ ಅಚ್ಚಿನಲ್ಲಿ ನಿಮ್ಮದೊಂದು ಬರೆಯಿರಿ. ಎರಡು ಸಾಲು ದೂರು, ಎರಡು ಸಾಲು ಕೋರಿಕೆ, ಎರಡು ಸಾಲು ನಂಬಿಕೆ. ನಮ್ಮ ಕೂಟದಲ್ಲಿ ಇದನ್ನು ಬರೆಸಿದಾಗ ಹೆಚ್ಚಿನವರು ದೂರಿನ ಹತ್ತಿರವೇ ತಡವರಿಸುತ್ತಾರೆ. ದೇವರಿಗೆ ಹೀಗೆ ಹೇಳಬಹುದಾ ಅನ್ನುತ್ತಾರೆ. ಹೇಳಬಹುದು. ಸತ್ಯವೇದದೊಳಗೇ ಇದೆ. ನಂಬಿಕೆಯ ಎರಡು ಸಾಲು ಮನಸ್ಸಿನಿಂದ ಬರದಿದ್ದರೆ ಬಿಟ್ಟುಬಿಡಿ, ಸುಳ್ಳು ಬರೆಯಬೇಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ದೇವರ ವಾಕ್ಯ ಅಂತಲೇ ಇಟ್ಟುಕೊಂಡಿದ್ದೇವೆ.

ಈ ಹೊತ್ತಿನ ಆಹಾರ

ಪ್ರತಿ ಭಾನುವಾರ ಕರ್ತನ ಪ್ರಾರ್ಥನೆಯಲ್ಲಿ "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅನ್ನುತ್ತೇವೆ. ಕೇಳುವುದು ಈ ಹೊತ್ತಿಗೆ. ಮರಳುಗಾಡಿನಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನವೂ ಹಾಗೆಯೇ. ನಾಳೆಗಿರಲಿ ಅಂತ ಕೂಡಿಟ್ಟವರ ಮನ್ನಕ್ಕೆ ಹುಳ ಬಿತ್ತು (ವಿಮೋಚನಕಾಂಡ 16). ನಾಳೆಯ ಚಿಂತೆ ನಾಳೆಗೆ ಅಂತ ಯೇಸುಸ್ವಾಮಿ ಮತ್ತಾಯ 6ರಲ್ಲಿ ಹೇಳಿದ್ದೂ ಇದೇ ದಾರಿಯಲ್ಲಿ. ಅವನು ಕಷ್ಟ ಇರುವುದಿಲ್ಲ ಅನ್ನಲಿಲ್ಲ. ಆ ದಿನದ ಕಷ್ಟ ಆ ದಿನಕ್ಕೆ ಸಾಕು ಅಂದ.

ಇದನ್ನು ಆಚರಣೆಗೆ ತರಲು ಒಂದು ಉಪಾಯ ಇದೆ. ಮನಶ್ಶಾಸ್ತ್ರದವರೂ ಇದನ್ನೇ ಹೇಳಿಕೊಡುತ್ತಾರೆ. ದಿನದಲ್ಲಿ ಇಪ್ಪತ್ತು ನಿಮಿಷ ಚಿಂತೆಗೆ ಅಂತಲೇ ಮೀಸಲಿಡಿ. ಸಂಜೆ 7 ಅನ್ನಿ. ಮಧ್ಯಾಹ್ನ ಕೆಲಸದ ನಡುವೆ ಭಯ ತಲೆ ಎತ್ತಿದರೆ ಒಂದು ಚೀಟಿಯಲ್ಲಿ ಎರಡು ಪದ ಗೀಚಿ, "ಕರ್ತನೇ, ಇದನ್ನು ಏಳು ಗಂಟೆಗೆ ನೋಡೋಣ" ಅಂತ ಹೇಳಿ ಕೆಲಸಕ್ಕೆ ಮರಳಿ. ಏಳಕ್ಕೆ ಚೀಟಿಗಳನ್ನು ತೆಗೆದು ಮೇಲೆ ಹೇಳಿದ ಹಾಗೆ ನೋಟ್‌ಬುಕ್‌ನಲ್ಲಿ ಬರೆದು ಒಪ್ಪಿಸಿ. ಕೆಲವು ಚೀಟಿಗಳು ಅಷ್ಟರಲ್ಲಿ ಬೇಡವೇ ಆಗಿರುತ್ತವೆ. ಆದರೆ ಇದನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ.

ಕೃತಜ್ಞತೆಯನ್ನೂ ಇಲ್ಲೇ ಸೇರಿಸಿ. ದಿನಕ್ಕೆ ಒಂದೇ ಸಾಲು, ಆದರೆ ಆ ದಿನದ್ದೇ ಆಗಿರಲಿ. "ಆರೋಗ್ಯಕ್ಕಾಗಿ ಸ್ತೋತ್ರ" ಅಂತ ದಿನಾ ಬರೆದರೆ ಕೈ ಬರೆಯುತ್ತದೆ, ಮನಸ್ಸು ಬರೆಯುವುದಿಲ್ಲ. "ಇವತ್ತು ಲೋಕಲ್‌ನಲ್ಲಿ ಠಾಣೆಯಿಂದ ಸೀಟು ಸಿಕ್ಕಿತು" ಅಂತ ಬರೆಯಿರಿ.

ರಾತ್ರಿ ಮೂರು ಗಂಟೆ

ಫೋನ್ ಮುಟ್ಟಬೇಡಿ. ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಹೊರಳಾಡುವ ಬದಲು ಎದ್ದು ಕೂರಿ. ಒಂದೇ ಕೋಣೆಯ ಮನೆಯಾದರೆ ಚಾಪೆಯ ಮೇಲೆಯೇ ಗೋಡೆಗೆ ಒರಗಿ. ದೊಡ್ಡ ದೀಪ ಬೇಡ. 4, 121, 131, ಈ ಮೂರು ಕೀರ್ತನೆಗಳಲ್ಲಿ ಒಂದನ್ನಾದರೂ ಬಾಯಿಪಾಠ ಮಾಡಿಟ್ಟುಕೊಳ್ಳಿ. 131 ಮೂರೇ ವಚನ. ತಾಯಿಯ ಮಡಿಲಲ್ಲಿರುವ ಕೂಸಿನ ಹಾಗೆ ನನ್ನ ಮನಸ್ಸನ್ನು ಸುಮ್ಮನಿರಿಸಿದ್ದೇನೆ ಅನ್ನುವ ಕೀರ್ತನೆ ಅದು. 121ರಲ್ಲಿ ಕಾಯುವಾತನು ತೂಕಡಿಸುವುದಿಲ್ಲ ಅನ್ನುವ ಮಾತಿದೆ. ಅವನು ಎಚ್ಚರ ಇದ್ದಾನೆ ಅಂದಮೇಲೆ ಇಬ್ಬರೂ ಎಚ್ಚರ ಇರುವ ಅಗತ್ಯವಿಲ್ಲ. ಆ ಹೊತ್ತಿನಲ್ಲಿ ಯಾವ ನಿರ್ಧಾರವನ್ನೂ ಮಾಡಬೇಡಿ. ಯಾರಿಗೂ ಮೆಸೇಜ್ ಕಳಿಸಬೇಡಿ. ಜಪಮಾಲೆ ರೂಢಿಯಿರುವ ಕಥೋಲಿಕ ಗೆಳೆಯರು ಮಣಿ ಎಣಿಸುತ್ತಾ ನಿದ್ದೆಹೋಗುತ್ತಾರೆ. ಅದೂ ಒಳ್ಳೆಯದೇ.

ಒಬ್ಬರೇ ಹೊರಬೇಡಿ

ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆಯಿಂದ ಇಳಿಸಿದರು. ಯೇಸು ಕಂಡದ್ದು ಹೊತ್ತು ತಂದವರ ನಂಬಿಕೆಯನ್ನೂ ಸೇರಿಸಿ. ನಿಮಗೆ ಪ್ರಾರ್ಥಿಸಲು ಆಗದ ದಿನ ನಿಮ್ಮ ಪರವಾಗಿ ಬೇರೆಯವರು ಪ್ರಾರ್ಥಿಸಬೇಕು. ಸಭೆ ಇರುವುದೇ ಅದಕ್ಕೆ.

ಮುಂಬೈಯಲ್ಲಿ, ಪುಣೆಯಲ್ಲಿ ಕನ್ನಡದಲ್ಲೇ ಆರಾಧನೆ ನಡೆಯುವ ಸಭೆಗಳಿವೆ. ಮಂಗಳೂರು, ಧಾರವಾಡ, ಬೀದರ್, ಕಲಬುರಗಿ ಕಡೆಯಿಂದ ಬಂದವರು ಅಲ್ಲಿ ಸೇರುತ್ತಾರೆ. ದೂರವಾದರೂ ತಿಂಗಳಿಗೊಮ್ಮೆಯಾದರೂ ಹೋಗಿ. ಚಿಕ್ಕಂದಿನ ಕೀರ್ತನೆಯನ್ನು ನೂರು ಜನರ ಜೊತೆ ಹಾಡುವಾಗ ಎದೆ ಸಡಿಲವಾಗುವುದನ್ನು ನಾನು ಎಷ್ಟೋ ಜನರ ಮುಖದಲ್ಲಿ ಕಂಡಿದ್ದೇನೆ. ಕಥೋಲಿಕರಿಗೆ ಮಾಹಿಮ್‌ನ ಸೇಂಟ್ ಮೈಕಲ್ ಚರ್ಚ್‌ನ ಬುಧವಾರದ ನೊವೇನಾ (ಸತತ ಒಂಬತ್ತು ಸಲ ಮಾಡುವ ಪ್ರಾರ್ಥನೆ) ಇದೆ. 1948ರಿಂದ ನಡೆದು ಬಂದಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಬೇರೆ ಬೇರೆ ಭಾಷೆಗಳಲ್ಲಿ ನಡೆಯುತ್ತದೆ. ಜನ ಬರೆದುಕೊಟ್ಟ ಕೋರಿಕೆ, ಕೃತಜ್ಞತೆಯ ಪತ್ರಗಳನ್ನು ಓದುತ್ತಾರೆ. ನಮ್ಮ ಹಾಗೇ ಹೆದರಿದವರು ಇಷ್ಟು ಜನ ಇದ್ದಾರಾ ಅಂತ ತಿಳಿಯುವುದೇ ಒಂದು ಆಸರೆ. ಗೋವೆಯಲ್ಲಿರುವವರಿಗೆ ಹಳೇ ಗೋವೆಯ ಬೊಮ್ ಜೀಸಸ್ ಬೆಸಿಲಿಕಾ ಇದೆ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಜೇವಿಯರ್ ಹಬ್ಬದ ಗದ್ದಲ ಬೇಡವಾದರೆ ಬೇರೆ ದಿನ ಹೋಗಿ ಕೂತು ಬನ್ನಿ.

ಗುಂಪಿನಲ್ಲಿ ಎಲ್ಲವನ್ನೂ ಹೇಳಬೇಕಿಲ್ಲ. ಒಬ್ಬರನ್ನು ಆರಿಸಿಕೊಳ್ಳಿ, ಬಾಯಿ ಬಿಗಿಹಿಡಿಯುವವರನ್ನು. ಅವರಿಗೆ ಖಚಿತವಾಗಿ ಹೇಳಿ: "ಅಕ್ಕಾ, ಗುರುವಾರ ಹನ್ನೊಂದಕ್ಕೆ ಇಂಟರ್‌ವ್ಯೂ ಇದೆ, ಆ ಹೊತ್ತಿಗೆ ಎರಡು ನಿಮಿಷ ಪ್ರಾರ್ಥಿಸಿ." ನಿಮ್ಮ ಕೋರಿಕೆ ಎಲ್ಲರ ವಾಟ್ಸಾಪ್‌ಗೆ ಸುದ್ದಿಯಾಗಿ ಹೋಗುವ ಕೂಟವಾದರೆ ಅಲ್ಲಿ ಹೇಳಬೇಡಿ. ಸಮಾಧಾನಕ್ಕೆ ದುಡ್ಡು ಕೇಳುವವರಿಂದ, ಮಾತ್ರೆ ಎಸೆದರೆ ಮಾತ್ರ ದೇವರು ವಾಸಿಮಾಡುತ್ತಾನೆ ಅನ್ನುವವರಿಂದ ದೂರ ಇರಿ. ಈ ಮಾತಿನಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಡಾಕ್ಟರ್ ಹತ್ತಿರ ಯಾವಾಗ

ವಾರಗಟ್ಟಲೆ ನಿದ್ದೆ ಇಲ್ಲ. ಕೆಲಸಕ್ಕೆ, ಸಂತೆಗೆ ಹೋಗುವುದೇ ಆಗುತ್ತಿಲ್ಲ. ಊಟ ಸೇರುತ್ತಿಲ್ಲ. ಭಯ ತಡೆಯಲು ಕುಡಿತಕ್ಕೆ ಕೈ ಹೋಗುತ್ತಿದೆ. ಇದರಲ್ಲಿ ಒಂದಿದ್ದರೂ ಕಾಯಬೇಡಿ. ಹೆಚ್ಚಿನ ದಿನ ಹತ್ತಾರು ವಿಷಯಗಳ ಚಿಂತೆ ತಡೆಯಲಾಗದೆ, ಆರು ತಿಂಗಳಿಗೂ ಹೆಚ್ಚು ಮುಂದುವರಿದರೆ ಡಾಕ್ಟರರು ಅದನ್ನು ಆತಂಕದ ಕಾಯಿಲೆ ಅಂತಲೇ ನೋಡುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ.

ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ್‌ಗೆ ತೋರಿಸಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಮುಂಬೈಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಖರ್ಚು ತುಂಬ ಕಡಿಮೆ. ಪುಣೆಯವರಿಗೆ ಸಸೂನ್, ಗೋವೆಯವರಿಗೆ ಬಾಂಬೋಳಿಯ ಮನೋವೈದ್ಯ ಸಂಸ್ಥೆ.

ಮಾತ್ರೆ ಕೊಟ್ಟರೆ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕೆಲಸ ಶುರುಮಾಡಲು ಕೆಲವು ವಾರ ಬೇಕು. ಒಂದು ವಾರದಲ್ಲಿ ಗುಣ ಕಾಣಲಿಲ್ಲ ಅಂತಲೋ, ಪ್ರಾರ್ಥನೆಯಿಂದ ಗುಣವಾಯಿತು ಅಂತಲೋ ತಟ್ಟನೆ ನಿಲ್ಲಿಸಬಾರದು. ನಿಲ್ಲಿಸುವುದಿದ್ದರೆ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ. ಪೌಲನ ಜೊತೆಗಿದ್ದ ಲೂಕ ವೈದ್ಯ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲನೇ ಔಷಧದ ಹಾಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆದಿದ್ದಾನೆ. ರಾತ್ರಿ ಮಾತ್ರೆ ನುಂಗುವ ಮೊದಲು, ಊಟಕ್ಕೆ ಮಾಡುವ ಹಾಗೇ, ಅದಕ್ಕೂ ಸ್ತೋತ್ರ ಮಾಡಿ.

ಏನೂ ಅನ್ನಿಸದಿದ್ದರೆ

ಇದೆಲ್ಲ ಮಾಡಿಯೂ ಪ್ರಾರ್ಥನೆ ಒಣಗಿದ ಹಾಗಿರುವ ದಿನಗಳು ಬರುತ್ತವೆ. ಆಗ ಪ್ರಾರ್ಥನೆಯನ್ನು ಉದ್ದ ಮಾಡಬೇಡಿ, ಚಿಕ್ಕದು ಮಾಡಿ. ಗೆತ್ಸೇಮನೆಯಲ್ಲಿ ಯೇಸು ಮೂರು ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ ಅಂತ ಮತ್ತಾಯ ಬರೆಯುತ್ತಾನೆ. ಹೊಸ ಮಾತು ಹುಡುಕಲಿಲ್ಲ. ದೂರ ಮಾಡು ಅಂತ ಬೇಡಿದ ಸಂಕಟದ ಪಾತ್ರೆ ದೂರವಾಗಲೂ ಇಲ್ಲ. ಬಲಪಡಿಸಲು ದೂತ ಬಂದ, ಯೇಸು ಎದ್ದು ನಡೆದ. ನೀವೂ ಕರ್ತನ ಪ್ರಾರ್ಥನೆ ಒಂದನ್ನೇ ಬೆಳಿಗ್ಗೆ, ರಾತ್ರಿ ಹೇಳಿ. ಮನಸ್ಸು ಬರದಿದ್ದರೂ ತುಟಿ ಹೇಳಲಿ. ಏನೂ ಅನ್ನಿಸಲಿಲ್ಲ ಅಂದರೆ ದೇವರು ಕೇಳಲಿಲ್ಲ ಅಂತ ಅರ್ಥವಲ್ಲ.

ಮನೆಯವರಿಗೆ

ಆತಂಕ ಇರುವುದು ನಿಮ್ಮ ಹೆಂಡತಿಗೋ ಗಂಡನಿಗೋ ಮಗಳಿಗೋ ಆಗಿದ್ದರೆ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲು ಮಾಡಿದ್ದನ್ನು ಮಾಡಿ. ಏಳು ದಿನ ಏಳು ರಾತ್ರಿ ನೆಲದ ಮೇಲೆ ಪಕ್ಕದಲ್ಲಿ ಸುಮ್ಮನೆ ಕೂತರು. ಮಾತಾಡಲು ಶುರುಮಾಡಿದ ಮೇಲೆಯೇ ಅವರು ಕೆಟ್ಟದ್ದು. "ಸುಮ್ನೆ ಯೋಚನೆ ಮಾಡ್ತೀಯ" ಅನ್ನಬೇಡಿ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅನ್ನಬೇಡಿ. "ಈಗ ಏನು ಅನ್ನಿಸ್ತಿದೆ?" ಅಂತ ಕೇಳಿ, ಉತ್ತರ ಮುಗಿಯುವ ತನಕ ಕಾಯಿರಿ. ಅವರ ಕೈ ಹಿಡಿದು ಉಸಿರಿನ ಪ್ರಾರ್ಥನೆಯನ್ನು ನೀವೂ ಜೊತೆಗೆ ಮಾಡಿ. ಅವರು ಹೆದರುತ್ತಿರುವ ಫೋನ್ ಕರೆ ಇದ್ದರೆ ಪಕ್ಕದಲ್ಲಿ ಕೂತುಕೊಳ್ಳಿ. ಆಸ್ಪತ್ರೆಗೆ ಹೋಗುವ ದಿನ ಅರ್ಧ ದಿನ ರಜೆ ಹಾಕಿ, ಕೇಸ್ ಪೇಪರ್ ಸಾಲಿನಲ್ಲಿ ಅವರ ಬದಲು ನೀವು ನಿಲ್ಲಿ.